ಅಲ್ಲಿ ಎಂಟು ಸಹಿ, ಇಲ್ಲಿ ಒಂದೇ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಎದುರು ಮನೆಯ ಅಜ್ಜಿ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ತೀರಿಕೊಂಡರು. ಯುಗಾದಿ ಮುಗಿಯುವ ಹೊತ್ತಿಗೆ ಅವರ ಮನೆ ಮುಂದೆ ಮಾರಾಟದ ಬೋರ್ಡು ಬಂತು. ಇನ್ನೆರಡು ವಾರಕ್ಕೆ ಅದರ ಮೇಲೆ ‘ಸೋಲ್ಡ್’ ಅಂತ ಪಟ್ಟಿಯೂ ಬಿತ್ತು. ಕಸದ ಡಬ್ಬಿ ರಸ್ತೆಗೆ ಎಳೆದು ತರುವಾಗ ಅಜ್ಜಿಯ ಮಗಳು ಸಿಕ್ಕರು. ಇಷ್ಟು ಬೇಗ ಹೇಗಾಯ್ತು ಅಂತ ಕೇಳಿದೆ. ‘ಅಮ್ಮ ಮನೆಯನ್ನ ಟ್ರಸ್ಟ್‌ಗೆ ಹಾಕಿಟ್ಟಿದ್ದರು. ಅವರಾದ ಮೇಲೆ ನಾನೇ ಟ್ರಸ್ಟಿ. ಸಹಿ ಹಾಕಿದೆ, ಅಷ್ಟೇ’ ಅಂದರು. ಬದುಕಿದ್ದಾಗಲೇ ಮನೆಯನ್ನು ಟ್ರಸ್ಟ್ ಹೆಸರಿಗೆ ಬರೆದು, ತಮ್ಮ ನಂತರ ಅದನ್ನು ನೋಡಿಕೊಳ್ಳುವ ಟ್ರಸ್ಟಿ ಯಾರು, ಆಸ್ತಿ ಯಾರಿಗೆ ಅಂತ ಮೊದಲೇ ಗೊತ್ತುಮಾಡಿಡೋದು ಇಲ್ಲಿಯ ಪದ್ಧತಿ.

ಅಷ್ಟೇ ಅಂತೆ! ಹೊಟ್ಟೆ ಉರಿಯದೆ ಇರುತ್ತಾ ಹೇಳಿ. ಹಾಸನದಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಅಪ್ಪ ಹೋದಾಗಿನಿಂದ ಬೀಗ ಹಾಕಿಕೊಂಡು ನಿಂತಿದೆ. ಅಮ್ಮ ಬೆಂಗಳೂರಿನಲ್ಲಿ ಅಣ್ಣನ ಜೊತೆ ಇದ್ದಾರೆ. ಹೆಂಚು ಜಾರಿ ಅಡುಗೆಮನೆಗೆ ಮಳೆನೀರು ಬರುತ್ತಿದೆ. ಮಾರಿಬಿಡೋಣ ಅಂತ ಎಲ್ಲರೂ ಹೇಳುತ್ತಾರೆ. ಮಾರೋಕೆ ಮಾತ್ರ ಆಗುತ್ತಿಲ್ಲ.

ತಾತ ವಿಲ್ ಬರೆಯಲಿಲ್ಲ. ಅಜ್ಜಿಯೂ ಬರೆಯಲಿಲ್ಲ. ಖಾತೆಯನ್ನು ಅಪ್ಪ ತಮ್ಮ ಹೆಸರಿಗೆ ಮಾಡಿಸಿಕೊಂಡು ಕಂದಾಯ ಕಟ್ಟಿಕೊಂಡು ಬಂದರು. ಕೊಳ್ಳಲು ಬಂದವರ ವಕೀಲರು ಕಾಗದ ನೋಡಿ, ‘ಖಾತೆ ಇರೋದು ಕಂದಾಯ ಕಟ್ಟೋಕೆ. ಅದರಿಂದ ಹಕ್ಕು ಬರಲ್ಲ. ವಂಶವೃಕ್ಷ ತನ್ನಿ’ ಅಂದರು. ವಂಶವೃಕ್ಷ ಮಾಡಿಸಿದಾಗ ಲೆಕ್ಕ ಎಂಟಕ್ಕೆ ನಿಂತಿತು. ಅಪ್ಪನ ಕಡೆಯಿಂದ ಅಮ್ಮ, ಅಣ್ಣ, ನಾನು. ಅಪ್ಪನ ಇಬ್ಬರು ತಂಗಿಯರು. ತೀರಿಕೊಂಡ ದೊಡ್ಡತ್ತೆಯ ಮೂವರು ಮಕ್ಕಳು.

ಈ ಮೂವರಲ್ಲಿ ಒಬ್ಬಳು ಮೆಲ್ಬರ್ನ್‌ನಲ್ಲಿದ್ದಾಳೆ. ಅವಳು ತನ್ನ ಪರವಾಗಿ ಸಹಿ ಹಾಕೋಕೆ ಇನ್ನೊಬ್ಬರಿಗೆ ಅಧಿಕಾರ ಕೊಡುವ ಜಿಪಿಎ ಪತ್ರ ಕಳಿಸಬೇಕು, ಅದಕ್ಕೆ ಭಾರತದ ಕಾನ್ಸುಲೇಟಿನ ಮುದ್ರೆಯೋ, ಕಾಗದ ಅಸಲಿ ಅಂತ ಅಲ್ಲಿಯ ಸರ್ಕಾರ ಕೊಡುವ ಅಪೊಸ್ಟಿಲ್ಲೋ ಆಗಬೇಕು, ಕಾಗದ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಇದು ಓಡಾಟದ ಕೆಲಸ, ಆಗುತ್ತೆ. ಆಗದೇ ಇರೋದು ಆ ಮೂವರಲ್ಲೇ ಇನ್ನೊಬ್ಬ, ತುಮಕೂರಿನವನದು. ಅಣ್ಣ ತನ್ನ ಮಗಳ ಮದುವೆಗೆ ಅವನನ್ನು ಮನೆಗೆ ಹೋಗಿ ಕರೆಯಲಿಲ್ಲ, ವಾಟ್ಸಾಪ್‌ನಲ್ಲಿ ಕರೆಯೋಲೆ ಕಳಿಸಿದ. ‘ಸಹಿಗೂ ವಾಟ್ಸಾಪ್‌ನಲ್ಲೇ ಕಳಿಸಲಿ, ನೋಡೋಣ’ ಅಂತ ಅವನು ಕೂತಿದ್ದಾನೆ.

ಇದೆಲ್ಲದರ ಬುಡ ಎಲ್ಲಿದೆ ಅಂತ ನನಗೆ ಗೊತ್ತು. ನಮ್ಮಲ್ಲಿ ಸಾವಿನ ಮಾತು ಆಡೋ ಹಾಗಿಲ್ಲ. ಅಪ್ಪ ಗಟ್ಟಿಯಾಗಿದ್ದಾಗ ಒಮ್ಮೆ, ‘ಮನೆ ವಿಷಯ ಏನಾದರೂ ಬರೆದಿಡಬಹುದಲ್ವಾ’ ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಮ್ಮ ಅಡುಗೆಮನೆಯಿಂದಲೇ ‘ಬಿಡ್ತು ಅನ್ನು’ ಅಂದರು. ಸಂಜೆ ಅಣ್ಣ ಹೊರಗೆ ಕರೆದುಕೊಂಡು ಹೋಗಿ, ‘ಅಮೆರಿಕಾಕ್ಕೆ ಹೋಗಿ ಪಾಲು ಕೇಳೋದು ಕಲಿತೆಯಾ?’ ಅಂತ ಕೇಳಿದ. ಅಲ್ಲಿಗೆ ಮುಗಿಯಿತು. ವಿಲ್ ಬರೆಯೋಕೆ ಛಾಪಾ ಕಾಗದವೂ ಬೇಡ, ರಿಜಿಸ್ಟರ್ ಮಾಡಿಸಲೇಬೇಕು ಅಂತಲೂ ಇಲ್ಲ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿದರೆ ಸಾಕು. ನಮ್ಮ ಕಡೆ ಹಿಂದೂಗಳ ವಿಲ್‌ಗೆ ಅದು ಅಸಲಿ ಅಂತ ಕೋರ್ಟು ಕೊಡುವ ಪ್ರೊಬೇಟ್ ಕೂಡ ಬೇಕಿಲ್ಲ. ಕಾನೂನು ಇಷ್ಟು ಸಲೀಸು ಮಾಡಿಟ್ಟರೂ ನಮ್ಮ ಬಾಯಲ್ಲಿ ‘ಬಿಡ್ತು ಅನ್ನು’ ಬಿಟ್ಟು ಬೇರೇನೂ ಹೊರಡುವುದಿಲ್ಲ.

ಇಲ್ಲಿಗೆ ಬಂದ ನಮ್ಮವರೇ ಎಷ್ಟು ಬದಲಾಗಿದ್ದಾರೆ ನೋಡಿ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಮುಂದಿರುವವರು ‘ನಿಮ್ಮದು ಟ್ರಸ್ಟ್ ಆಯ್ತಾ?’ ಅಂತ ಕೇಳುತ್ತಾರೆ. ನಲವತ್ತು ದಾಟಿದವರ ಮನೆಯಲ್ಲೆಲ್ಲ ವಕೀಲರು ಕೊಟ್ಟ ದಪ್ಪ ಫೈಲು ಇರುತ್ತೆ. ನಾನು ಹೋದರೆ ಹೆಂಡತಿ, ಇಬ್ಬರೂ ಹೋದರೆ ಇಂಥವರು ಅಂತ ಬರೆದು, ಮನೆಯ ಪತ್ರವನ್ನು ಟ್ರಸ್ಟ್ ಹೆಸರಿಗೆ ಮಾಡಿಸಿರುತ್ತಾರೆ. ಇದೇ ಜನ ರಜೆಗೆ ಊರಿಗೆ ಹೋದಾಗ ಅಪ್ಪನ ಮುಂದೆ ವಿಲ್ ಅನ್ನೋ ಎರಡಕ್ಷರ ಆಡೋಕೆ ಹೆದರುತ್ತಾರೆ. ನಾನೂ ಆ ಜನರಲ್ಲೇ ಒಬ್ಬ ಅನ್ನಿ.

ಟ್ರಸ್ಟ್ ಇಲ್ಲದಿದ್ದರೆ ಇಲ್ಲಿಯ ಕಥೆಯೂ ಬೇರೆಯೇ. ಕ್ಯಾಲಿಫೋರ್ನಿಯಾದಲ್ಲಿ ಆಗ ಮನೆ, ತೀರಿಕೊಂಡವರ ಆಸ್ತಿ ಇತ್ಯರ್ಥ ಮಾಡುವ ಪ್ರೊಬೇಟ್ ಕೋರ್ಟಿಗೆ ಹೋಗುತ್ತೆ, ಬರೀ ವಿಲ್ ಇದ್ದರೂ ಸಾಮಾನ್ಯವಾಗಿ ಅದೇ ದಾರಿ. ವಕೀಲರ ಫೀಸು ಕಾನೂನಿನಲ್ಲೇ ಬರೆದಿದೆ: ಮೊದಲ ಲಕ್ಷ ಡಾಲರಿಗೆ ಶೇ 4, ಎರಡನೆಯದಕ್ಕೆ ಶೇ 3, ಆಮೇಲಿನ ಎಂಟು ಲಕ್ಷಕ್ಕೆ ಶೇ 2. ಅಂದರೆ 10 ಲಕ್ಷ ಡಾಲರಿನ ಮನೆಗೆ 23,000 ಡಾಲರ್. ತೀರಿಕೊಂಡವರ ಆಸ್ತಿ ನೋಡಿಕೊಳ್ಳುವವರೂ ಅಷ್ಟೇ ತೆಗೆದುಕೊಳ್ಳಬಹುದು. ಮನೆ ಮೇಲೆ ಸಾಲ ಇದ್ದರೆ ಅದನ್ನು ಕಳೆಯೋದಿಲ್ಲ, ಪೂರ್ತಿ ಬೆಲೆಯ ಮೇಲೇ ಲೆಕ್ಕ. ಸಾಲ ಕೊಟ್ಟವರು ಬಂದು ಕೇಳಲಿ ಅಂತ ನಾಲ್ಕು ತಿಂಗಳು ಕಾಯಬೇಕು. 2025ರ ಏಪ್ರಿಲ್‌ನಿಂದ, ತೀರಿಕೊಂಡವರು ವಾಸವಿದ್ದ ಮನೆ ಏಳೂವರೆ ಲಕ್ಷ ಡಾಲರ್ ಒಳಗಿದ್ದರೆ ಸುಲಭದ ದಾರಿ ಮಾಡಿದ್ದಾರೆ. ಫ್ರೀಮಾಂಟ್‌ನಲ್ಲಿ ಆ ಬೆಲೆಗೆ ಕಾಂಡೋ, ಅಂದರೆ ಫ್ಲ್ಯಾಟು, ಸಿಕ್ಕರೆ ಪುಣ್ಯ.

ಕೆಲವು ಕೇಸುಗಳಲ್ಲಿ ಮಾರಾಟಕ್ಕೆ ಜಡ್ಜ್ ಒಪ್ಪಿಗೆಯೂ ಬೇಕು. ಒಪ್ಪಿಗೆಯ ದಿನ ಯಾರು ಬೇಕಾದರೂ ಬಂದು ಹೆಚ್ಚಿಗೆ ಕೂಗಬಹುದು. ನೀವು 10 ಲಕ್ಷಕ್ಕೆ ಮಾತಾಡಿ, ಪರದೆ ಬಣ್ಣ ಕೂಡ ಆರಿಸಿಕೊಂಡು ಹೋಗಿರುತ್ತೀರಿ. ಹಿಂದಿನ ಬೆಂಚಿನವನು ಎದ್ದು 10,50,500 ಅಂದರೆ ಅಲ್ಲೇ ಹರಾಜು ಶುರು. ಗೆಳೆಯನೊಬ್ಬನಿಗೆ ಹೀಗೆ ಮನೆ ಕೈತಪ್ಪಿತು. ಆ ಮನೆಯ ಯಜಮಾನರೂ ಟ್ರಸ್ಟ್ ಮಾಡಿಸಿದ್ದರಂತೆ. ಮನೆಯನ್ನು ಅದರ ಹೆಸರಿಗೆ ವರ್ಗ ಮಾಡೋದು ಬಿಟ್ಟುಹೋಗಿತ್ತು.

ಆದರೂ ನನ್ನ ಮನಸ್ಸು ಇಲ್ಲಿಯ ಪದ್ಧತಿ ಕಡೆಗೇ ವಾಲುತ್ತೆ. ಕೋರ್ಟಿಗೆ ಹೋದರೂ ಒಂದು ದಿನ ಮುಗಿಯುತ್ತಲ್ಲ! ತುಮಕೂರಿನವನ ಮುನಿಸಿಗೆ ಯಾವ ಕೋರ್ಟು ದಿನಾಂಕ ಕೊಡುತ್ತೆ? ಪಾಲಿನ ದಾವೆ ಹಾಕಬಹುದು ನಿಜ. ಹಾಕಿದರೆ ಮುಗಿಯುವ ಹೊತ್ತಿಗೆ ನಮ್ಮ ಮಕ್ಕಳು ವಂಶವೃಕ್ಷಕ್ಕೆ ಸೇರಿರುತ್ತಾರೆ.

ಹೀಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ ಎದುರು ಮನೆಯ ಇನ್ನೊಂದು ಸಂಗತಿ ಗೊತ್ತಾಯಿತು. ಆ ಅಜ್ಜಿಗೆ ಒಬ್ಬ ಮಗನೂ ಇದ್ದಾನಂತೆ. ಟ್ರಸ್ಟ್‌ನಲ್ಲಿ ಅವನಿಗೆ ಏನೂ ಇಲ್ಲ. ತಾಯಿ ಹೋದ ಮೇಲೆ ಅವನಿಗೆ ಬಂದದ್ದು ಕಾನೂನು ಹೇಳಿದ ಹಾಗೆ ಅಂಚೆಯಲ್ಲಿ ಒಂದು ನೋಟಿಸು. ತಕರಾರು ಇದ್ದರೆ 120 ದಿನದೊಳಗೆ ಹೇಳು ಅಂತ. ಯಾಕೆ ಕೊಡಲಿಲ್ಲ, ಏನು ಜಗಳ, ನನಗೆ ಬೇಡದ ವಿಷಯ. ಆದರೆ ಅವನ ಸಹಿ ಯಾರಿಗೂ ಬೇಕಿರಲಿಲ್ಲ. ಅದಕ್ಕೇ ಮನೆ ಅಷ್ಟು ಬೇಗ ಹೋಯಿತು.

ಸ್ವಂತ ಸಂಪಾದನೆಯ ಆಸ್ತಿಯನ್ನು ನಮ್ಮಲ್ಲೂ ಯಾರಿಗೆ ಬೇಕಾದರೂ ಬರೆಯಬಹುದು, ಸರಿ. ಅಕಸ್ಮಾತ್ ತಾತ ವಿಲ್ ಬರೆದಿದ್ದರೆ ಏನು ಬರೆಯುತ್ತಿದ್ದರು? ಇಡೀ ಮನೆ ಮಗನಿಗೆ ಅಂತಲೇ ಬರೆಯುತ್ತಿದ್ದರು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಬರೆಯದೇ ಹೋದದ್ದರಿಂದ ಅತ್ತೆಯಂದಿರ ಪಾಲು ಉಳಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇಂಥ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇತ್ತು. ಆದರೆ ಗಂಡುಮಕ್ಕಳು ಮನಸ್ಸು ಮಾಡುವವರೆಗೆ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. 2005ರಲ್ಲಿ ಆ ಕಲಂ ತೆಗೆದರು. ಅಷ್ಟಾದರೂ ನಮ್ಮ ಕಡೆ ನಡೆಯೋದು ಬೇರೆ. ಅರಿಶಿನ-ಕುಂಕುಮಕ್ಕೆ ಅಂತ ಕೈಗಿಷ್ಟು ಕೊಟ್ಟು, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತವರು ತಪ್ಪಿಹೋಗುತ್ತೆ ಅನ್ನೋ ಭಯಕ್ಕೆ ಅವರೂ ಹಾಕುತ್ತಾರೆ.

ಮೊನ್ನೆ ಸಣ್ಣತ್ತೆ ಫೋನ್ ಮಾಡಿದ್ದರು. ‘ಸಹಿ ಹಾಕ್ತೀನಿ ಕಣೋ. ನಿಮ್ಮಣ್ಣ ಎರಡು ಲಕ್ಷ ಅಂದ. ನೀನು ಓದಿಕೊಂಡೋನು, ನನಗೆ ನಿಜವಾಗಿ ಎಷ್ಟು ಬರುತ್ತೆ ಅಂತ ಹೇಳು’ ಅಂದರು. ತಾತನಿಗೆ ನಾಲ್ವರು ಮಕ್ಕಳು, ನಾಲ್ಕರಲ್ಲಿ ಒಂದು ಪಾಲು ಅತ್ತೆ, ಅಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಸರಿ, ಅಷ್ಟು ಕೊಟ್ಟ ದಿನ ಬರ್ತೀನಿ’ ಅಂದರು. ಅಂದಿನಿಂದ ಅಣ್ಣ ನನ್ನ ಫೋನ್ ಎತ್ತುತ್ತಿಲ್ಲ. ಬಾಕಿ ಇರುವ ಸಹಿಗಳಲ್ಲಿ ಈಗ ಅವನದೂ ಒಂದು.