ಜಪದ ಜೊತೆಗೆ ಆ ಗದರಿಕೆಯನ್ನೂ ಬರೆಯಬೇಕಿತ್ತು

ತೀರಿಕೊಂಡ ಅಜ್ಜಿಯ ಬಗ್ಗೆ ಮೊಮ್ಮಗಳು ಬರೆದ ನೆನಪಿನ ಲೇಖನ ಓದಿದೆ. ಅದರಲ್ಲಿ ಅಜ್ಜಿ ಸದಾ ಜಪಸರ ಹಿಡಿದು ಕುಳಿತ ಸಾಧ್ವಿಯಂತೆ ಕಾಣುತ್ತಾರೆ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಅವರ ಪಕ್ಕದ ಮನೆಯಲ್ಲಿದ್ದ ನಾವು ಕಂಡದ್ದು ಸ್ವಲ್ಪ ಖಾರದ ಹೆಂಗಸನ್ನು. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ (ಮಾಸ್ ಪ್ರಾರ್ಥನೆ) ಮುಗಿಸಿ ಬರುವಾಗ ಸೊಪ್ಪಿನವಳ ಜೊತೆ ಜೋರಾಗಿ ಚೌಕಾಸಿ ಮಾಡಿ, ಕಡೆಗೆ ಅವಳು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬರುತ್ತಿದ್ದರು. ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ವಿಷಯ ಬಂದರಂತೂ, ಮಹಾರಾಜರು ತಮ್ಮ ಮನೆಗೇ ಬಂದು ಕಾಫಿ ಕುಡಿದು ಹೋದಷ್ಟು ಹೆಮ್ಮೆ.

ಕ್ರಿಸ್ಮಸ್ ಹಿಂದಿನ ದಿನ ಬಾಣಲೆಯ ಮುಂದೆ ಕುಳಿತರೆ ಬಾಯಲ್ಲಿ ‘ನಮೋ ಮರಿಯಾ’, ಕೈಯಲ್ಲಿ ಕಜ್ಜಾಯ ಒತ್ತಿ ಎಣ್ಣೆ ಹಿಂಡುವ ಕೆಲಸ. ಪಾಕದ ಹದ ತಪ್ಪಿತೆಂದು ನಡುವೆಯೇ ಸೊಸೆಯನ್ನು ಗದರಿ, ಜಪವನ್ನು ನಿಲ್ಲಿಸಿದ ಪದದಿಂದಲೇ ಮತ್ತೆ ಹಿಡಿಯುತ್ತಿದ್ದರು. ಮೊಟ್ಟೆ ತಿನ್ನದ ನಮ್ಮ ಮನೆಗೆಂದು ಕಜ್ಜಾಯದ ತಟ್ಟೆ ಬರುತ್ತಿತ್ತು, ಕೇಕು ಬರುತ್ತಿರಲಿಲ್ಲ. (ನನಗೆ ಆಗ ಕೇಕಿನ ಮೇಲೇ ಕಣ್ಣು.)

ಜೂನ್ 13ಕ್ಕೆ ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬ. ಕೆ.ಆರ್. ನಗರದ ಬಸ್ಸಿಗೆ ನಮ್ಮ ಅಮ್ಮನನ್ನೂ ಹತ್ತಿಸಿಕೊಂಡು ಹೊರಡುತ್ತಿದ್ದರು. ಅಮ್ಮ ಹಣೆಯ ವಿಭೂತಿಯೊಂದಿಗೇ ಅಲ್ಲಿ ಮೇಣದಬತ್ತಿ ಹಚ್ಚುತ್ತಿದ್ದರು. ಅಜ್ಜಿಗಾಗಲಿ ಸುತ್ತಲಿನವರಿಗಾಗಲಿ ಅದು ವಿಶೇಷವೆಂದು ಅನ್ನಿಸಲೇ ಇಲ್ಲ. ಅಜ್ಜಿ ಮೂವರು ಮಕ್ಕಳನ್ನು ಒಬ್ಬರೇ ಓದಿಸಿದ ಕಥೆಯನ್ನು ಲೇಖನ ಎರಡೇ ಸಾಲಿನಲ್ಲಿ ಮುಗಿಸಿದೆ. ತಂಗೀ, ಅದನ್ನು ಇನ್ನೊಮ್ಮೆ ವಿವರವಾಗಿ ಬರೆಯಮ್ಮ.

ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಅಜ್ಜಿಯ ಸಮಾಧಿಗೆ ಹೋಗುವಾಗ ನಮಗೂ ತಿಳಿಸಿ. ಅಮ್ಮನಿಗೆ ಮಂಡಿನೋವು, ಆದರೂ ಆಟೋದಲ್ಲಿ ಬರುತ್ತಾರಂತೆ.