ಕುಂಬಳಕಾಯಿ ಕಳ್ಳನ ಗೋಡೆ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪೂರ್ವ, ಪಶ್ಚಿಮ ಅಂತ ಎರಡು ಹೋಳಾಗಿದ್ದ ಬರ್ಲಿನ್‌ನಲ್ಲಿ ಇದು ಪತ್ರಿಕಾಗೋಷ್ಠಿಯಲ್ಲೇ ನಡೆಯಿತು. 1961ರ ಜೂನ್ 15ರಂದು ಪತ್ರಕರ್ತೆಯೊಬ್ಬರು ಕಮ್ಯುನಿಸ್ಟ್ ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್ಬ್ರಿಕ್ಟ್ ಅವರಿಗೆ ಗಡಿಯ ಬಗ್ಗೆ ಪ್ರಶ್ನೆ ಹಾಕಿದರು. ಅದರಲ್ಲಿ ಗೋಡೆ ಅನ್ನುವ ಶಬ್ದವೇ ಇರಲಿಲ್ಲ. ಸಾಹೇಬರು ಮಾತ್ರ ಗೋಡೆ ಕಟ್ಟುವ ಉದ್ದೇಶ ಯಾರಿಗೂ ಇಲ್ಲ ಅಂದುಬಿಟ್ಟರು! ಎರಡು ತಿಂಗಳು ತುಂಬಿರಲಿಲ್ಲ. ಆಗಸ್ಟ್ 13ರ ಭಾನುವಾರ ಜನ ಏಳುವಷ್ಟರಲ್ಲಿ ಊರ ನಡುವೆ ಮುಳ್ಳುತಂತಿ.

ತಂತಿ ಹೋಗಿ ಗೋಡೆ ಬಂತು. ನಾಮಕರಣವೂ ಆಯಿತು: ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಕೋಟೆ. ಪಶ್ಚಿಮದ ದುಷ್ಟರು ನುಗ್ಗಬಾರದಲ್ವಾ, ಅದಕ್ಕೆ. ಕಳ್ಳರ ಭಯಕ್ಕೆ ನಾವೂ ಚಿಲಕ ಹಾಕಿಕೊಳ್ಳುತ್ತೇವೆ, ಆದರೆ ಒಳಗಿನಿಂದ. ಮನೆಯವರನ್ನೆಲ್ಲ ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದರೆ ಅದನ್ನು ಏನೆನ್ನುತ್ತಾರೆ? ಅಷ್ಟರಲ್ಲಾಗಲೇ 25 ಲಕ್ಷಕ್ಕೂ ಜಾಸ್ತಿ ಜನ ಪೂರ್ವ ಜರ್ಮನಿ ಬಿಟ್ಟು ಹೋಗಿದ್ದರು. ಮೂರನೇ ದಿನವೇ ಕಾವಲಿಗೆ ನಿಂತಿದ್ದ 19ರ ಹುಡುಗ ಕಾನ್ರಾಡ್ ಶೂಮನ್ ತಂತಿ ಹಾರಿ ಆಚೆ ಓಡಿದ. ಕಾವಲುಗಾರರನ್ನು ಜೋಡಿಯಾಗಿ ನಿಲ್ಲಿಸುತ್ತಿದ್ದರು. ಒಬ್ಬ ಗಡಿ ಕಾಯಬೇಕು, ಇನ್ನೊಬ್ಬ ಅವನನ್ನು ಕಾಯಬೇಕು. ಈ ಗೋಡೆಯ ಬುಡದಲ್ಲಿ ಸತ್ತವರು ಕನಿಷ್ಠ 140 ಮಂದಿ.

ನೆಲದಡಿಯ ಕಥೆ ಇನ್ನೂ ಸೊಗಸು. ಪಶ್ಚಿಮ ಬರ್ಲಿನ್‌ನ ಎರಡು ಮೆಟ್ರೋ ಮಾರ್ಗಗಳು ಪೂರ್ವದ ಕೆಳಗೆ ಹಾದು ಮತ್ತೆ ಪಶ್ಚಿಮಕ್ಕೇ ಬರುತ್ತಿದ್ದವು. ಗಡಿ ಬರುವ ಮುಂಚೆ, 'ಇದು ಪಶ್ಚಿಮ ಬರ್ಲಿನ್‌ನ ಕೊನೆಯ ನಿಲ್ದಾಣ' ಅಂತ ಕೂಗಿ ಹೇಳುತ್ತಿದ್ದರು. ಆಮೇಲೆ ರೈಲು ನಿಧಾನ. ಕಿಟಕಿಯಾಚೆ ಮಂದ ಬೆಳಕು, ಧೂಳು ಹಿಡಿದ ಖಾಲಿ ಪ್ಲಾಟ್‌ಫಾರಂ, ಕತ್ತಲಲ್ಲಿ ನಿಂತ ಬಂದೂಕುಧಾರಿ. ಯು8 ಮಾರ್ಗ ಒಂದರಲ್ಲೇ ಇಂಥ ದೆವ್ವದ ನಿಲ್ದಾಣಗಳು ಆರು. ಮೇಲೆ ಓಡಾಡುವ ಪೂರ್ವದವರ ನಕ್ಷೆಯಲ್ಲಿ ಆ ಮಾರ್ಗಗಳೇ ಇರಲಿಲ್ಲ. ಸುರಂಗದ ಬಾಡಿಗೆ ಮಾತ್ರ ಪಶ್ಚಿಮದಿಂದ ತಪ್ಪದೆ ಬರುತ್ತಿತ್ತು, ಅದೂ ಬಂಡವಾಳಶಾಹಿ ಮಾರ್ಕ್‌ನಲ್ಲಿ.

ಫ್ರೆಡ್ರಿಕ್‌ಸ್ಟ್ರಾಸೆ ನಿಲ್ದಾಣದಲ್ಲಿ ಮಾತ್ರ ರೈಲು ನಿಲ್ಲುತ್ತಿತ್ತು. ಪ್ಲಾಟ್‌ಫಾರಂ ಮೇಲೇ ಪೂರ್ವ ಸರ್ಕಾರದ ಅಂಗಡಿ. ಶತ್ರುಗಳು ಇಳಿದು ತೆರಿಗೆಯಿಲ್ಲದ ಸಿಗರೇಟು, ಹೆಂಡ ಕೊಂಡು ಮುಂದಿನ ರೈಲು ಹಿಡಿಯಬಹುದಿತ್ತು. ಕೋಟೆ ಕೋಟೆಯೇ, ಗಿರಾಕಿ ಗಿರಾಕಿಯೇ.

ಸರ್ಕಾರಕ್ಕೆ ಕರುಣೆಯೂ ಇತ್ತು. 1964ರಿಂದ ಪಿಂಚಣಿದಾರರು ಪಶ್ಚಿಮಕ್ಕೆ ಹೋಗಿಬರಬಹುದಾಯಿತು. ದುಡಿಯುವ ವಯಸ್ಸು ಮುಗಿದವರು ವಾಪಸ್ ಬರದಿದ್ದರೆ ಪಿಂಚಣಿಯಾದರೂ ಉಳಿಯಿತಲ್ಲ!

27 ವರ್ಷ ಕಾದದ್ದಕ್ಕೆ ಫಲ ಸಿಕ್ಕಿದ್ದು 1988ರ ಜುಲೈ 1ರಂದು. ಗೋಡೆಯ ಪಶ್ಚಿಮಕ್ಕೆ ಲೆನ್ನೆ ತ್ರಿಕೋನ ಅನ್ನುವ ಖಾಲಿ ಜಾಗವಿತ್ತು. ಲೆಕ್ಕದಲ್ಲಿ ಅದು ಪೂರ್ವದ್ದು, ಹಾಗಾಗಿ ಪಶ್ಚಿಮದ ಪೊಲೀಸರು ಕಾಲಿಡುವಂತಿಲ್ಲ. ಪ್ರತಿಭಟನೆಯ ಹುಡುಗರು ಅಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದರು. ಅವತ್ತು ಜಾಗ ಪಶ್ಚಿಮದ ಕೈಸೇರಿತು, ಪೊಲೀಸರು ಬಂದೇಬಿಟ್ಟರು. ಹುಡುಗರು ಏಣಿ ಹಾಕಿ ಗೋಡೆ ಹತ್ತಿ ಪೂರ್ವಕ್ಕೆ ಧುಮುಕಿದರು, ನೂರಕ್ಕೂ ಹೆಚ್ಚು ಮಂದಿ. ಅಂತೂ ಪಶ್ಚಿಮದವರು ನುಗ್ಗಿದರು! ಕಾವಲುಗಾರರು ಗುಂಡು ಹಾರಿಸಲಿಲ್ಲ. ಕೈಹಿಡಿದು ಇಳಿಸಿಕೊಂಡು, ಲಾರಿ ಹತ್ತಿಸಿ ಕರೆದೊಯ್ದು ಬೆಳಗಿನ ತಿಂಡಿ ಕೊಟ್ಟರು. ತಿಂಡಿ ಮುಗಿಸಿದ ದಾಳಿಕೋರರು ಮಾಮೂಲಿ ಗಡಿ ಬಾಗಿಲಿನಿಂದ ಮನೆಗೆ ಹೋದರು. ತಿಂಡಿ ಬಡಿಸಿದವರು ಆ ಬಾಗಿಲು ದಾಟಬೇಕಾದರೆ ಪಿಂಚಣಿಯ ವಯಸ್ಸಾಗಬೇಕಿತ್ತು.