ತಿಳಿನೀರು ಅಂತ ನಂಬಿ ಕೂರಬೇಡಿ

ಕೊಡಗಿನ ಒರತೆ ನೀರಿನ ಬಗ್ಗೆ ಯಾರಾದರೂ ಅನುಮಾನಪಟ್ಟರೆ ನಮಗೆ ಸಿಟ್ಟು ಬರುತ್ತದೆ. "ಬೆಟ್ಟದಿಂದ ಇಳಿದು ಬರೋ ನೀರು, ಅದಕ್ಕೇನಾಗುತ್ತೆ?" ಅಂತ ಹಿರಿಯರೂ ಹೇಳುತ್ತಾರೆ, ಹೋಂಸ್ಟೇಯವರೂ ಹೇಳುತ್ತಾರೆ. ಈ ಹೆಮ್ಮೆ ಇರುವಷ್ಟು ದಿನ ನಾವು ನೀರನ್ನೂ ಪರೀಕ್ಷಿಸುವುದಿಲ್ಲ, ಹೊಟ್ಟೆಯನ್ನೂ ಪರೀಕ್ಷಿಸುವುದಿಲ್ಲ.

ಜಿಯಾರ್ಡಿಯಾ ಅನ್ನುವ ಏಕಕೋಶ ಜೀವಿಯ ವಿಷಯ ಹೇಳುತ್ತಿದ್ದೇನೆ. ಮನುಷ್ಯರ ಮತ್ತು ಪ್ರಾಣಿಗಳ ಮಲದಲ್ಲಿ ಗಟ್ಟಿ ಕವಚದ ಸಿಸ್ಟ್ ಆಗಿ ಹೊರಬರುವ ಇದು ತಣ್ಣೀರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ಹತ್ತು ಸಿಸ್ಟ್ ಒಳಗೆ ಹೋದರೂ ಸಾಕು, ಸೋಂಕು ತಗುಲಬಹುದು. ಜಡಿಮಳೆಯಲ್ಲಿ ಮೇಲಿನ ಕೊಟ್ಟಿಗೆ, ಕಕ್ಕಸು ಗುಂಡಿ ಎಲ್ಲ ತೊಳೆದುಕೊಂಡು ಬರುವ ನೀರು ಇಳಿಜಾರಿನ ಕೆಳಗಿರುವ ತೆರೆದ ಬಾವಿಗೆ ಸೇರದೆ ಇನ್ನೆಲ್ಲಿಗೆ ಹೋಗುತ್ತದೆ?

ಸೋಂಕು ತಗುಲಿದ ಒಂದೆರಡು ವಾರದಲ್ಲಿ ಜಿಡ್ಡುಜಿಡ್ಡಾದ ದುರ್ವಾಸನೆಯ ಭೇದಿ, ಹೊಟ್ಟೆಯುಬ್ಬರ, ಕೊಳೆತ ಮೊಟ್ಟೆ ವಾಸನೆಯ ತೇಗು, ಸುಸ್ತು. ಸಾಮಾನ್ಯವಾಗಿ ರಕ್ತ ಹೋಗುವುದಿಲ್ಲ, ಜೋರು ಜ್ವರವೂ ಇರುವುದಿಲ್ಲ. ಹಾಗಾಗಿ ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಾಗುತ್ತೇವೆ. ಮಕ್ಕಳು ಮಾತ್ರ ಸೊರಗುತ್ತಾ ಹೋಗುತ್ತಾರೆ.

ನನಗೆ ಹೆಚ್ಚು ಬೇಸರವಾಗುವುದು ಪರೀಕ್ಷೆಯ ವಿಷಯದಲ್ಲಿ. ಮೆಡಿಕಲ್ ಶಾಪಿನಿಂದ ಹುಳದ ಮಾತ್ರೆ ಒಂದು ತಂದು ನುಂಗಿಸಿದರೆ ಮುಗಿಯಿತು ಅನ್ನುತ್ತಾರೆ. ಆ ಒಂದು ಮಾತ್ರೆಯನ್ನು ಜಿಯಾರ್ಡಿಯಾಕ್ಕೆ ನಂಬುವಂತಿಲ್ಲ. ಅದಕ್ಕೆ ಬೇರೆ ಔಷಧಿ ಇದೆ, ಯಾವುದು, ಎಷ್ಟು ದಿನ ಅಂತ ವೈದ್ಯರೇ ಹೇಳಬೇಕು. ಇನ್ನು ಕೆಲವರು ಒಮ್ಮೆ ಮಲ ಪರೀಕ್ಷೆ ಮಾಡಿಸಿ, ಏನೂ ಸಿಗಲಿಲ್ಲ ಅಂದ ಕೂಡಲೇ ಬಿಟ್ಟುಬಿಡುತ್ತಾರೆ. ಈ ಪರಾವಲಂಬಿ ದಿನಾ ಒಂದೇ ಸಮ ಹೊರಬರುವುದಿಲ್ಲ. ಅದಕ್ಕೇ ಬೇರೆಬೇರೆ ದಿನಗಳ ಮೂರು ಮಾದರಿ ಕೊಡಿ. ಡಬ್ಬಿ ಶುಚಿಯಾಗಿ, ಒಣಗಿರಲಿ. ಮೂತ್ರ, ನೀರು ಬೆರೆಯದಿರಲಿ. ತಡಮಾಡದೆ ಲ್ಯಾಬಿಗೆ ಮುಟ್ಟಿಸಿ. ಮಲದಲ್ಲಿ ಈ ಜೀವಿಯ ಅಂಶವನ್ನೇ ಹುಡುಕುವ ಆ್ಯಂಟಿಜೆನ್ ಪರೀಕ್ಷೆ ಸಿಗುವುದಾದರೆ ಕೇಳಿ ಮಾಡಿಸಿ, ಸೂಕ್ಷ್ಮದರ್ಶಕದಲ್ಲಿ ತಪ್ಪಿಹೋಗುವುದನ್ನೂ ಅದು ಹಿಡಿಯುತ್ತದೆ. ಡಾಕ್ಟರ ಹತ್ತಿರ "ನಾವು ಬಾವಿ ನೀರು ಕುಡಿಯುವವರು" ಅಂತ ನೀವಾಗಿಯೇ ಹೇಳಿ, ಇದು ತುಂಬಾ ಮುಖ್ಯ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವಲ್ಲ ಅನ್ನುವವರಿಗೆ ಒಂದು ಮಾತು: ಬ್ಯಾಕ್ಟೀರಿಯಾ ಸಾಯುವಷ್ಟು ಕ್ಲೋರಿನ್‌ಗೆ ಈ ಸಿಸ್ಟ್ ಸುಲಭಕ್ಕೆ ಸಾಯುವುದಿಲ್ಲ. ನೀರಿನ ಬ್ಯಾಕ್ಟೀರಿಯಾ ವರದಿ ಚೆನ್ನಾಗಿದ್ದರೂ ಇದು ಉಳಿದಿರಬಹುದು. ಕುದಿಸುವುದೇ ದಾರಿ. ಕೈಗೆ ಬಿಸಿ ಹತ್ತುವಷ್ಟು ಕಾಯಿಸಿದರೆ ಸಾಲದು, ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಬೇಕು. ಮೂರು ನಿಮಿಷದ ನಿಯಮವಿರುವುದು 2000 ಮೀಟರಿಗಿಂತ ಎತ್ತರದ ಊರುಗಳಿಗೆ. ನಮ್ಮ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಶಿಖರವೇ 1748 ಮೀಟರ್, ಹಾಗಾಗಿ ನಮಗೆ ಒಂದು ನಿಮಿಷ ಸಾಕು. ಇನ್ನು ಕಕ್ಕಸಿಗೆ ಹೋಗಿ ಬಂದವರು, ಮಗುವಿಗೆ ತೊಳೆದವರು ಸೋಪು ಹಾಕಿಯೇ ಕೈ ತೊಳೆಯಬೇಕು. ಸ್ಯಾನಿಟೈಸರ್ ನಂಬಬೇಡಿ.

ತೋಟದ ಕಾರ್ಮಿಕರು ಇರುವ ಸಾಲುಮನೆಗಳ, ಅಂದರೆ ಲೈನ್ ಮನೆಗಳ ವಿಷಯಕ್ಕೆ ಬಂದರೆ, ಕುದಿಸಿ ಕುಡಿಯಿರಿ ಅಂತ ಉಪದೇಶ ಮಾಡುವುದು ಸುಲಭ. ದಿನವಿಡೀ ಕಾಫಿ ಕುಯ್ದು ಬಂದವರು ಅನ್ನಕ್ಕೇ ಸೌದೆ ಹೊಂದಿಸಬೇಕು, ಮಳೆಗಾಲದಲ್ಲಂತೂ ಅದು ಹಸಿ. ತೋಟದಲ್ಲಿ ಕೆಲಸ ಮಾಡುವವರಿಗೆ ಒಳ್ಳೆಯ ಕುಡಿಯುವ ನೀರು ಒದಗಿಸುವುದು ಮಾಲೀಕರ ಹೊಣೆ ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ತೋಟ ಚಿಕ್ಕದಿರಲಿ ದೊಡ್ಡದಿರಲಿ, ಸಾಹುಕಾರರು ಬಾವಿಗೆ ಕಟ್ಟೆ, ಮುಚ್ಚಳ ಹಾಕಿಸಲಿ. ಕೊಯ್ಲಿನ ದಿನಗಳಲ್ಲಿ ಕುದಿಸಿದ ನೀರಿನ ಕ್ಯಾನ್ ಲೈನಿಗೂ ತೋಟಕ್ಕೂ ಕಳುಹಿಸಲಿ. ಲೈನಿನ ಮಗುವಿಗೆ ಭೇದಿ ವಾರ ದಾಟಿದರೆ ಆ ಮೂರು ಮಾದರಿಗಳ ಖರ್ಚನ್ನೂ ತೋಟವೇ ಕೊಡಲಿ.